ಹಿಮಾಲಯ ದಾಟುವ ಮುನ್ನ ಮಾಗಡಿ ಕೆರೆಯಲ್ಲಿ

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತಾ ಓಡುತ್ತದೆ ಎಂಬ ಮಾತಿದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಚಳಿಯ ಬೆನ್ನಿಗೇ ಸಾವಿರಾರು ಹಕ್ಕಿಗಳೂ ಹೊರಡುತ್ತವೆ. ಫೆಬ್ರುವರಿಯ ಕೊನೆಯಲ್ಲಿ ಒಂದು ಬೆಳಗ್ಗೆ ಏರಿಯ ಮೇಲೆ ನಡೆದು ನೋಡಿ. ನೀರಿನಂಚಿನಲ್ಲಿ ಬೂದು ಕಂಬಳಿ ಹಾಸಿದಂತೆ ಕಾಣುತ್ತದೆ. ದುರ್ಬೀನು ಹಿಡಿದರೆ ಕಂಬಳಿಯಲ್ಲಿ ಬಿಳಿ ತಲೆಗಳು ಮೂಡುತ್ತವೆ, ಪ್ರತಿ ತಲೆಯ ಹಿಂಬದಿಯಲ್ಲೂ ಎರಡು ಕಪ್ಪು ಗೆರೆ. ಇವೇ ಪಟ್ಟೆತಲೆ ಹೆಬ್ಬಾತುಗಳು.

ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಕಟ್ಟಿದ ಈ ಕೆರೆಯ ವಿಸ್ತಾರ ಸುಮಾರು 50 ಹೆಕ್ಟೇರ್. ಪ್ರತಿ ಚಳಿಗಾಲದಲ್ಲಿ ಸುಮಾರು 8,000 ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. 2024ರಲ್ಲಿ ಕೆರೆ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು. ಕತ್ತಲಲ್ಲಿ, ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯುವ ಹಕ್ಕಿಗಳು ಬಿಸಿಲೇರಿದಾಗ ಕೆರೆಗೆ ಮರಳಿ, ಒಂಟಿಕಾಲಲ್ಲಿ ನಿಂತು ತೂಕಡಿಸುತ್ತವೆ.

ಇವುಗಳ ತವರು ಟಿಬೆಟ್, ಮಂಗೋಲಿಯಗಳ ಎತ್ತರದ ಸರೋವರಗಳು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ನಡುವೆ ಹಿಮಾಲಯವಿದೆ. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಳಿಯುತ್ತದೆ. ಪ್ರತಿ ಉಸಿರಿಗೆ ದಕ್ಕುವ ಆಮ್ಲಜನಕವೂ ಅಷ್ಟೇ. ಉಪಗ್ರಹ ಸಾಧನ ಹೊತ್ತ ಒಂದು ಹೆಬ್ಬಾತು 7,290 ಮೀಟರ್ ಮುಟ್ಟಿದ್ದು ದಾಖಲಾಗಿದೆ.

ಎರಡು-ಮೂರು ಕಿಲೋ ತೂಗುವ ಹಕ್ಕಿಗೆ ಇದು ಹೇಗೆ ಸಾಧ್ಯ? ನಾವು ಎಳೆದುಕೊಂಡ ಗಾಳಿ ಬಂದ ದಾರಿಯಲ್ಲೇ ಹೊರಬೀಳುತ್ತದೆ. ಹಕ್ಕಿಯ ಗಾಳಿಚೀಲಗಳು ಕಮ್ಮಾರನ ತಿದಿಯಂತೆ ಒತ್ತಿ, ಉಸಿರನ್ನು ಎಳೆದಾಗಲೂ ಬಿಟ್ಟಾಗಲೂ ಶ್ವಾಸಕೋಶದೊಳಗೆ ಹೊಸ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಸುತ್ತವೆ. ಇಷ್ಟು ಎಲ್ಲ ಹಕ್ಕಿಗಳಿಗೂ ಇದೆ. ಪಟ್ಟೆತಲೆಯ ಹೆಚ್ಚುಗಾರಿಕೆ ಅದರ ರಕ್ತದಲ್ಲಿದೆ: ಇದರ ಹಿಮೊಗ್ಲೋಬಿನ್ ವಿರಳ ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ಹಾರುವ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳ ಹೆಣಿಗೆಯೂ ದಟ್ಟ.

ಹಾಗೆಂದು ಅದು ಮನಬಂದಂತೆ ಮೇಲೇರುವುದಿಲ್ಲ. ಮಂಗೋಲಿಯದ ಹೆಬ್ಬಾತುಗಳ ಮೈಯೊಳಗೆ ಪುಟ್ಟ ಸಾಧನವಿಟ್ಟು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ರೆಕ್ಕೆಬಡಿತ ಶೇ 5 ಹೆಚ್ಚಿದರೆ ಹೃದಯಬಡಿತ ಶೇ 19 ಏರುತ್ತದೆ, ಬೇಕಾಗುವ ಶಕ್ತಿ ಅಂದಾಜು ಶೇ 41 ಹೆಚ್ಚುತ್ತದೆ ಎಂದು ಅದು ತೋರಿಸಿತು. ಅದಕ್ಕೇ ಹಕ್ಕಿ ಬೆಟ್ಟ ಬಂದಲ್ಲಿ ಏರಿ, ಕಣಿವೆ ಬಂದಲ್ಲಿ ಇಳಿದು, ದಟ್ಟ ಗಾಳಿಯ ಆಸರೆಯಲ್ಲೇ ಸಾಗುತ್ತದೆ. ಗಾಳಿ ತಣ್ಣಗೆ ದಟ್ಟವಾಗಿರುವ ಇರುಳನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಇಷ್ಟು ಜತನದಿಂದ ಶಕ್ತಿ ಉಳಿಸುವ ಜೀವಿ ಇದು.

ಆದ್ದರಿಂದ ಮಾಗಡಿಯಲ್ಲಿ ತೂಕಡಿಸುವ ಹಿಂಡು ಸುಮ್ಮನೆ ಕಾಲ ಕಳೆಯುತ್ತಿಲ್ಲ. ದೂರದ ಪಯಣದ ಬುತ್ತಿ ಅದರ ಮೈಯಲ್ಲಿ ಕೂಡುತ್ತಿರುವ ಹೊತ್ತದು. ಚಂದದ ಫೋಟೊಗಾಗಿ ಚಪ್ಪಾಳೆ ತಟ್ಟಿ ಹಾರಿಸಿದರೆ ಆ ಬುತ್ತಿಯಿಂದಲೇ ಖರ್ಚಾಗುತ್ತದೆ. ಕೆರೆಗೆ ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ಏರಿ ಬಿಟ್ಟು ನೀರಿನತ್ತ ಇಳಿಯಬೇಡಿ, ಮಾತು ಮೆಲ್ಲಗಿರಲಿ. ಅವು ಹೊರಡಬೇಕಾದ ಹೊತ್ತು ಅವುಗಳಿಗೆ ಗೊತ್ತಿದೆ.