ಶಸ್ತ್ರಚಿಕಿತ್ಸೆಯ ನಂತರ ನಾಯಿಯ ಆರೈಕೆ

ಕೋಲಾರ ತಾಲ್ಲೂಕಿನ ಕ್ಯಾಲನೂರಿನಂತಹ ಗ್ರಾಮಗಳಲ್ಲಿ ಮನೆಯವರು ಉಣ್ಣುವ ರಾಗಿ ಮುದ್ದೆ, ಸಾರು ನಾಯಿಯ ಪಾಲಿಗೂ ಬರುತ್ತದೆ. ಆದರೆ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗೆ ಮಮತೆಯಷ್ಟೇ ತಿಳಿವಳಿಕೆಯೂ ಅಗತ್ಯ.

ಮಂಪರು ಇಳಿದ ಮೇಲೆ ಮೊದಲು ನೀರು, ಅನಂತರ ಸ್ವಲ್ಪವೇ ಮೆದು ಆಹಾರ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರು ಸಲ್ಲದು. ಅವು ನಾಯಿಯ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ಮುದ್ದೆಯನ್ನು ಸಪ್ಪೆ ಬೇಳೆಕಟ್ಟಿನಲ್ಲಿ ಇಲ್ಲವೆ ಮೊಸರಿನಲ್ಲಿ ಕಲಸಿ ಕೊಡಿರಿ. ನೋವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲೇಬಾರದು. ಅವು ಪ್ರಾಣಕ್ಕೇ ಎರವಾಗಬಹುದು.

10ರಿಂದ 14 ದಿನ ಓಟ, ಜಿಗಿತ, ಸ್ನಾನ ಬೇಡ. ಹೊಲಿಗೆ ನೆಕ್ಕದಂತೆ ಕೊರಳಿಗೆ ರಕ್ಷಾಪಟ್ಟಿಯಿರಲಿ. ಕೀವು, ಊತ ಕಂಡರೆ ಪಶುವೈದ್ಯರನ್ನು ಕಾಣಿರಿ.

ಗಾಯ ಮಾಗಿದ ಬಳಿಕ ‘ಕೂರು’, ‘ಬಾ’ ಎಂಬ ಮಾತುಗಳನ್ನು ಕೋಲಿನಿಂದಲ್ಲ, ಒಂದು ತುತ್ತಿನಿಂದಲೂ ಮೆಚ್ಚುಗೆಯಿಂದಲೂ ಕಲಿಸಿರಿ.