ಕೊಲೆಸ್ಟರಾಲ್ ನಾರ್ಮಲ್ ಇದ್ದರೆ ಸಾಕೆ?



ಮುಹೂರ್ತದ ದಿನಗಳಲ್ಲಿ ನಮ್ಮ ಪಾಡು ಎಲ್ಲರಿಗೂ ಗೊತ್ತಿರುವುದೇ. ಬೆಳಗಿನ ಜಾವ ಮೂರಕ್ಕೆ ಒಲೆ ಹೊತ್ತಿಸಬೇಕು. ಡೊಂಬಿವಲಿಯಲ್ಲಿ ಮದುವೆ ಊಟ ಮುಗಿಸಿ ಸಂಜೆಯ ರಿಸೆಪ್ಷನ್‌ಗೆ ವಾಶಿಗೆ ಓಡಬೇಕು. ಈ ನಡುವೆ ಹೊಟ್ಟೆಗೆ ಬೀಳುವುದು ಏಳೆಂಟು ಕಪ್ ಸಿಹಿ ಚಹಾ, ಪಾಕ ನೋಡಲೆಂದು ಒಂದೆರಡು ಜಿಲೇಬಿ. ಅನ್ನ ಸಾರು ಕಾಣುವುದು ರಾತ್ರಿ ಹನ್ನೆರಡರ ನಂತರ.

ಯಾವಾಗಲೋ ರಕ್ತ ಪರೀಕ್ಷೆ ಮಾಡಿಸಿದರೂ ಒಟ್ಟು ಕೊಲೆಸ್ಟರಾಲ್ 200ರ ಒಳಗಿದೆ ಎಂದು ನೋಡಿ ರಿಪೋರ್ಟ್ ಮಡಚಿಡುತ್ತೇವೆ. ಅದು ಸಾಲದು. ಕೆಳಗಿನ ಸಾಲುಗಳನ್ನೂ ಓದಬೇಕು. ಐಸಿಎಂಆರ್-ಇಂಡಿಯಾಬ್ ಅಧ್ಯಯನವು ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ಕಡೆ ನಡೆಸಿದ ಪರೀಕ್ಷೆಯ ವರದಿ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಟ್ಟು ಕೊಲೆಸ್ಟರಾಲ್ ಹೆಚ್ಚಿದ್ದವರು ಶೇ. 13.9 ಮಾತ್ರ. ಆದರೆ 'ಒಳ್ಳೆಯ ಕೊಲೆಸ್ಟರಾಲ್' ಎನ್ನುವ ಎಚ್‌ಡಿಎಲ್ ಕಡಿಮೆ ಇದ್ದವರು ಶೇ. 72.3, ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ. 29.5!

ವೈದ್ಯರು ನೋಡುವ ಐದು ಅಳತೆಗಳು ಇವು:

1. ಸೊಂಟದ ಸುತ್ತಳತೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಅಥವಾ ಹೆಚ್ಚು.
2. ಟ್ರೈಗ್ಲಿಸರೈಡ್: 150 ಅಥವಾ ಹೆಚ್ಚು.
3. ಎಚ್‌ಡಿಎಲ್: ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ.
4. ರಕ್ತದೊತ್ತಡ: ಮೇಲಿನದು 130 ಅಥವಾ ಕೆಳಗಿನದು 85, ಇಲ್ಲವೇ ಅದಕ್ಕೂ ಹೆಚ್ಚು.
5. ಖಾಲಿ ಹೊಟ್ಟೆಯ ಸಕ್ಕರೆ: 100 ಅಥವಾ ಹೆಚ್ಚು.

ಇವುಗಳಲ್ಲಿ ಯಾವುದೇ ಮೂರು ಇದ್ದರೆ ಅದು ಮೆಟಬಾಲಿಕ್ ಸಿಂಡ್ರೋಮ್. ಬಿಪಿ, ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಇದು ಸಕ್ಕರೆ ಕಾಯಿಲೆ ಮತ್ತು ಹೃದಯಾಘಾತದ ಮುನ್ಸೂಚನೆ. ಎಲ್‌ಡಿಎಲ್ ಈ ಐದರಲ್ಲಿ ಇಲ್ಲ, ಆದರೆ ಅದು ಹೆಚ್ಚಿದ್ದರೆ ಬೇರೆಯೇ ಅಪಾಯ. ಆದ್ದರಿಂದ ಅದನ್ನೂ ವೈದ್ಯರಿಗೆ ತೋರಿಸಬೇಕು.

"ನಾನು ಕರಿದದ್ದು ಮುಟ್ಟುವುದೇ ಇಲ್ಲ, ಆದರೂ ಟ್ರೈಗ್ಲಿಸರೈಡ್ ಏಕೆ ಏರಿತು?" ಎಂದು ಕೇಳುವವರಿದ್ದಾರೆ. ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಬಂದ ಸಕ್ಕರೆ, ಅನ್ನ, ಮೈದಾಗಳನ್ನು ಯಕೃತ್ತು ಟ್ರೈಗ್ಲಿಸರೈಡ್ ಆಗಿ ಮಾರ್ಪಡಿಸುತ್ತದೆ. ಮದ್ಯವೂ ಅದನ್ನು ಏರಿಸುತ್ತದೆ. ಎಣ್ಣೆ ಬಿಟ್ಟು ಚಹಾದ ಸಕ್ಕರೆ ಬಿಡದಿದ್ದರೆ ಫಲವಿಲ್ಲ.

ಪರೀಕ್ಷೆಯಲ್ಲೂ ಒಂದು ಎಚ್ಚರ ಬೇಕು. ರಾತ್ರಿ ಒಂದಕ್ಕೆ ಉಂಡು ಬೆಳಿಗ್ಗೆ ಎಂಟಕ್ಕೆ ರಕ್ತ ಕೊಟ್ಟರೆ ಅದು ಖಾಲಿ ಹೊಟ್ಟೆಯಲ್ಲ, ಟ್ರೈಗ್ಲಿಸರೈಡ್ ಹೆಚ್ಚು ತೋರಿಸಬಹುದು. ಆರ್ಡರ್ ಇಲ್ಲದ ದಿನ ನೋಡಿಕೊಂಡು, ಊಟವಾಗಿ 10-12 ಗಂಟೆ ಕಳೆದ ಮೇಲೆ ಮಾಡಿಸಿ.

ಇನ್ನು ನಾವು ಮಾಡಬಹುದಾದದ್ದು: ಚಹಾಕ್ಕೆ ಸಕ್ಕರೆ ಕಡಿಮೆ ಮಾಡುವುದು, ಪಂಕ್ತಿ ಆರಂಭವಾಗುವ ಮೊದಲೇ ಪಲ್ಯ, ಕೋಸಂಬರಿ ಜೊತೆ ಸ್ವಲ್ಪ ಉಣ್ಣುವುದು, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯುವುದು, ತಂಬಾಕು ಬಿಡುವುದು. ವೈದ್ಯರು ಕೊಟ್ಟ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು.

ಬಾಣಲೆಯ ಕಡೆಗೂ ಗಮನವಿರಲಿ. ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತದೆ. 2022ರಿಂದ ಎಣ್ಣೆ, ವನಸ್ಪತಿಗಳಲ್ಲಿ ಅದು ಶೇ. 2 ಮೀರುವಂತಿಲ್ಲ. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ ಶೇ. 25 ದಾಟಿದರೆ ಆ ಎಣ್ಣೆಯನ್ನು ಬಳಸಬಾರದೆಂದು ಎಫ್‌ಎಸ್‌ಎಸ್‌ಎಐ ನಿಯಮ 2018ರಿಂದ ಜಾರಿಯಲ್ಲಿದೆ. ಅತಿಥಿಗಳಿಗೆ ಬಡಿಸುವ ಪೂರಿಯನ್ನೇ ನಮ್ಮ ಹುಡುಗರೂ ತಿನ್ನುತ್ತಾರೆ ಎಂಬುದು ನೆನಪಿರಲಿ.

ಠಾಣೆ, ಕಲ್ಯಾಣ, ನವಿ ಮುಂಬಯಿ ಎಲ್ಲೇ ಇರಲಿ, ಮುಂದಿನ ಸೀಸನ್ ಆರಂಭವಾಗುವ ಮೊದಲು ಮಾಲೀಕರು, ಅಡುಗೆಯವರು, ಬಡಿಸುವವರು ಎಲ್ಲರೂ ಒಮ್ಮೆ ಈ ಐದು ಅಳತೆ ನೋಡಿಸಿಕೊಳ್ಳಲಿ. ಮೊದಲನೆಯದಕ್ಕೆ ದರ್ಜಿಯ ಟೇಪು ಸಾಕು, ಇವತ್ತೇ ನೋಡಿಕೊಳ್ಳಬಹುದು.