ಐ.ಬಿ.ಆರ್. ಪತ್ತೆಗೆ ವೈರಾಣುವಿನ ಒಂದೇ ಪ್ರೋಟೀನು

ಮೈಸೂರು ನಗರದ ಮನೆಗಳಿಗೆ ಬರುವ ನಂದಿನಿ ಹಾಲಿನ ಹಿಂದೆ ನಂಜನಗೂಡು, ತಿ. ನರಸೀಪುರ, ಹುಣಸೂರು ಕಡೆಯ ಹಳ್ಳಿಗಳಲ್ಲಿ ಒಂದೆರಡು ಮಿಶ್ರತಳಿ ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಕುಟುಂಬಗಳಿವೆ. ಇಂಥ ಮನೆಯ ಗಬ್ಬದ ಹಸು ಆರೇಳು ತಿಂಗಳಿಗೇ ಕಂದು ಹಾಕಿದರೆ ಇಡೀ ಒಂದು ಸೂಲಿನ ಹಾಲು ಕೈತಪ್ಪುತ್ತದೆ. ಇದಕ್ಕೆ ಬ್ರುಸೆಲ್ಲಾ ಸೋಂಕನ್ನು ಮೊದಲು ಶಂಕಿಸುವುದು ಸರಿಯೇ ಆದರೂ, ಪಶುವೈದ್ಯರು ಐ.ಬಿ.ಆರ್. ಎನ್ನುವ ಮೂಗು ಮತ್ತು ಶ್ವಾಸನಾಳದ ಸಾಂಕ್ರಾಮಿಕ ಉರಿಯೂತವೂ ಕಾರಣವಾಗಿರಬಹುದು. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1976ರಲ್ಲಿ, ಉತ್ತರ ಪ್ರದೇಶದಿಂದ.

ಗೋ ಹರ್ಪಿಸ್ ವೈರಾಣು-1 ತರುವ ಈ ರೋಗದಲ್ಲಿ ಜ್ವರ, ಸಿಂಬಳ, ಕೆಮ್ಮು ಕಾಣಿಸಿಕೊಂಡು, ಮೂತಿ ಕೆಂಪಾಗಿ, ಹಾಲು ಇಳಿಯುತ್ತದೆ. ಹಸು ಚೇತರಿಸಿಕೊಂಡ ಮೇಲೂ ವೈರಾಣು ಮುಖದ ನರಗಂಟುಗಳಲ್ಲಿ ಜೀವನಪೂರ್ತಿ ಅಡಗಿದ್ದು, ಕರು ಹಾಕುವಾಗಲೋ ದೂರದ ಸಂತೆಗೆ ಸಾಗಿಸುವಾಗಲೋ ದೇಹ ಬಳಲಿದರೆ ಮತ್ತೆ ಹೊರಬರುತ್ತದೆ. ಆದ್ದರಿಂದ ಕೆಮ್ಮುವ ಹಸುವಿಗಿಂತ ಆರೋಗ್ಯವಾಗಿ ಕಾಣುವ ಹಸುವನ್ನು ಗುರುತಿಸುವುದೇ ಇಲ್ಲಿ ಕಠಿಣವಾದ ಕೆಲಸ, ಮತ್ತು ಅದಕ್ಕೆ ರಕ್ತದಲ್ಲಿರುವ ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸಿಕೊಂಡ ರಕ್ಷಕ ಪ್ರೋಟೀನುಗಳನ್ನು, ಹುಡುಕಬೇಕಾಗುತ್ತದೆ.

ಹಿಂದೆ ಇದಕ್ಕಾಗಿ ಜೀವಂತ ವೈರಾಣುವನ್ನೇ ಹಸುವಿನ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸಬೇಕಿತ್ತು. ಹಸುವಿನ ಸೀರಂ ಆ ವೈರಾಣುವನ್ನು ತಡೆಯುತ್ತದೆಯೇ ಎಂದು ನೋಡುವ ಈ ತಟಸ್ಥೀಕರಣ ಪರೀಕ್ಷೆಯ ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕಿತ್ತು. ಪುನಃಸಂಯೋಜಿತ ಪ್ರೋಟೀನಿನ ವಿಧಾನದಲ್ಲಿ ವೈರಾಣುವಿನ ಒಂದು ಜೀನನ್ನು ಮಾತ್ರ ಬೇರೆ ಜೀವಕೋಶಕ್ಕೆ ಸೇರಿಸಿ, ಆ ಕೋಶದಿಂದಲೇ ಬೇಕಾದ ಪ್ರೋಟೀನನ್ನು ಮಾಡಿಸಿಕೊಳ್ಳಲಾಗುತ್ತದೆ. ಹೀಗಾಗಿ ಸೋಂಕು ಹರಡುವ ಭಯವಿಲ್ಲ, ಒಂದು ತಯಾರಿಕೆಗೂ ಮತ್ತೊಂದಕ್ಕೂ ವ್ಯತ್ಯಾಸ ಕಡಿಮೆ. ಗೋವಿನ ಉಸಿರಾಟದ ಸಿನ್ಸಿಷಿಯಲ್ ವೈರಾಣು ಎಂಬ ಬೇರೊಂದು ವೈರಾಣುವಿನ ಒಳಗಿನ ನ್ಯೂಕ್ಲಿಯೋಪ್ರೋಟೀನನ್ನು ಇ. ಕೊಲಿ ಬ್ಯಾಕ್ಟೀರಿಯಾದಲ್ಲೇ ತಯಾರಿಸಬಹುದಾದರೂ, ಹರ್ಪಿಸ್ ವೈರಾಣುವಿನ ಹೊರಮೈ ಪ್ರೋಟೀನುಗಳಿಗೆ ಸಕ್ಕರೆಯ ಸರಪಳಿಗಳು ಅಂಟಿಕೊಂಡಿರುವುದರಿಂದ, ಅವನ್ನು ಜೋಡಿಸಬಲ್ಲ ಕೀಟಕೋಶ ಅಥವಾ ಸಸ್ತನಿಕೋಶಗಳೇ ಉತ್ತಮ.

ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಯಲ್ಲಿ 96 ಚಿಕ್ಕ ಗುಳಿಗಳ ಪ್ಲಾಸ್ಟಿಕ್ ತಟ್ಟೆಗೆ ಈ ಪ್ರೋಟೀನನ್ನು ಲೇಪಿಸಿ, ಹಸುವಿನ ಸೀರಂ ಹಾಕಿ ತೊಳೆದ ಬಳಿಕವೂ ಪ್ರತಿಕಾಯ ಅಂಟಿಕೊಂಡು ಉಳಿದಿದ್ದರೆ, ಕಿಣ್ವ ಕಟ್ಟಿದ ಎರಡನೆಯ ಪ್ರತಿಕಾಯ ಅದನ್ನು ಹಿಡಿಯುತ್ತದೆ. ಬಣ್ಣದ ದ್ರಾವಣ ಸೇರಿಸಿದಾಗ ಗುಳಿ ನೀಲಿಯಾಗಿ, ಆಮ್ಲ ಹಾಕಿದೊಡನೆ ಹಳದಿಗೆ ತಿರುಗುತ್ತದೆ.

ಬೇಕಾದ ಪ್ರೋಟೀನನ್ನೇ ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಪುನಃಸಂಯೋಜಿತ ವಿಧಾನದ ನಿಜವಾದ ಬಲ. ಜಿ.ಇ. ಎಂಬ ಪ್ರೋಟೀನಿನ ಜೀನನ್ನು ತೆಗೆದು ಮಾಡಿದ ಲಸಿಕೆ ಹಾಕಿದ ಹಸುವಿನಲ್ಲಿ ಆ ಪ್ರೋಟೀನಿನ ವಿರುದ್ಧ ಪ್ರತಿಕಾಯ ಇರುವುದಿಲ್ಲ. ಇದ್ದರೆ ಅದು ನಿಜವಾದ ಸೋಂಕಿನದೇ. ಆದರೆ ಫಲಿತಾಂಶವನ್ನು ಹಾಗೆಯೇ ನಂಬುವಂತಿಲ್ಲ: ಗಿಣ್ಣುಹಾಲು ಕುಡಿದ ಕರುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ತಿಂಗಳುಗಟ್ಟಲೆ ಉಳಿಯುತ್ತವೆ, ಸೋಂಕಿನ ಮೊದಲ ದಿನಗಳಲ್ಲಿ ಪ್ರತಿಕಾಯ ಹುಟ್ಟಿರುವುದೇ ಇಲ್ಲ. ಆಗ ವೈರಾಣುವಿನ ಡಿ.ಎನ್.ಎ. ಹುಡುಕುವ ಪಿ.ಸಿ.ಆರ್. ಬೇಕು.

ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ ಐ.ಬಿ.ಆರ್. ಪ್ರತಿಕಾಯ ಪತ್ತೆಗೆ ಎಲೈಸಾ ಕಿಟ್ ರೂಪಿಸಿದೆ. ವೈರಾಣು ವೀರ್ಯದಲ್ಲೂ ಸಾಗುವುದರಿಂದ ಕೇಂದ್ರ ಸರ್ಕಾರದ ಮಾನದಂಡಗಳು ವೀರ್ಯ ಕೇಂದ್ರಗಳ ಹೋರಿಗಳಿಗೆ ಐ.ಬಿ.ಆರ್. ಪರೀಕ್ಷೆ ವಿಧಿಸುತ್ತವೆ, ಒಂದು ಹೋರಿಯ ವೀರ್ಯ ಸಾವಿರಾರು ಹಸುಗಳನ್ನು ತಲುಪುವಾಗ ಈ ಶಿಸ್ತಿನಲ್ಲಿ ರಾಜಿಗೆ ಎಡೆಯಿಲ್ಲ. ಈ ವೈರಾಣುವನ್ನು ಹೊರಗಟ್ಟಿದ ಡೆನ್ಮಾರ್ಕಿನಂಥ ದೇಶಗಳು ಹಿಂಡಿನ ಒಟ್ಟು ಹಾಲನ್ನೂ ಪರೀಕ್ಷಿಸಿವೆ. ಮೈಸೂರು ಸೀಮೆಯ ಸಂಘಗಳಲ್ಲಿ ಹತ್ತಾರು ಮನೆಗಳ ಹಾಲು ಒಂದೇ ಕ್ಯಾನಿಗೆ ಬೀಳುವುದರಿಂದ ಒಂದೆರಡು ಹಸುಗಳ ಪ್ರತಿಕಾಯ ಅಲ್ಲಿ ತೀರಾ ತೆಳುವಾಗಬಹುದು, ಹಾಗಾಗಿ ಇಲ್ಲಿ ಹಸುವಿನ ರಕ್ತವೇ ಹೆಚ್ಚು ನಂಬಿಕೆಯ ಮಾದರಿ.